ಸ್ಪೇನಿನ ನೀರಿನ ಲೇಬಲ್: ಮೊದಲು ಲೆಕ್ಕ, ಆಮೇಲೆ ಅನುವಾದ

"ರೆಸಿದುವೊ ಸೆಕೊ ಅಂದ್ರೆ ಡ್ರೈ ರೆಸಿಡ್ಯೂ, ಅಷ್ಟೇ ತಾನೆ? ಅದಕ್ಕೆ ಕ್ಯಾಲ್ಕ್ಯುಲೇಟರ್ ಯಾಕೆ?" ಸ್ಪ್ಯಾನಿಷ್‌ನಿಂದ ಇಂಗ್ಲಿಷಿಗೆ ಅನುವಾದ ಮಾಡುವ ಸ್ನೇಹಿತರು ನನ್ನನ್ನು ವರ್ಷಗಟ್ಟಲೆ ಕೇಳಿದ ಪ್ರಶ್ನೆ ಇದು. ನೀರನ್ನು ಒಣಗಿಸಿದಾಗ ತಳದಲ್ಲಿ ಉಳಿಯುವ ಖನಿಜದ ತೂಕವೇ ರೆಸಿದುವೊ ಸೆಕೊ. ಕೆಲಸ ಕೊಡುತ್ತಿದ್ದ ಏಜೆನ್ಸಿಯವರು ಇನ್ನೂ ನೇರವಾಗಿ ಹೇಳಿದರು, "ನೀವು ಟ್ರಾನ್ಸ್‌ಲೇಟರ್, ಕೆಮಿಸ್ಟ್ ಅಲ್ಲ." ಈಗ ಅದೇ ಏಜೆನ್ಸಿ ಮಿನರಲ್ ವಾಟರ್ ಲೇಬಲ್ ಬಂದರೆ ಬೇರೆ ಯಾರಿಗೂ ಕೊಡುವುದಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ಪದಗಳ ಪಟ್ಟಿ ನಿಮ್ಮೆಲ್ಲರ ಹತ್ತಿರವೂ ಇರುತ್ತದೆ. ಮಿನರಲ್ ವಾಟರ್ ಬಗೆಗಿನ ಯುರೋಪಿನ 2009/54 ನಿರ್ದೇಶನದ ಮೂರನೇ ಅನುಬಂಧವನ್ನು ಸ್ಪ್ಯಾನಿಷ್, ಇಂಗ್ಲಿಷ್ ಎರಡರಲ್ಲೂ ತೆರೆದು ಪಕ್ಕಪಕ್ಕ ಇಟ್ಟರೆ ಮುಗಿಯಿತು. ಮಿನೆರಾಲಿಸಾಸಿಯೋನ್ ದೇಬಿಲ್ ಅಂದರೆ ಲೋ ಮಿನರಲ್ ಕಂಟೆಂಟ್, ರೆಸಿದುವೊ ಸೆಕೊ ಲೀಟರಿಗೆ 500 ಮಿಲಿಗ್ರಾಂ ಒಳಗೆ. ಮುಯ್ ದೇಬಿಲ್ ಅಂದರೆ 50ರ ಒಳಗೆ. ಬಿಕಾರ್ಬೊನಾತಾದಾ ಅಂದರೆ ಬೈಕಾರ್ಬೊನೇಟ್ 600ರ ಮೇಲೆ, ಕಾಲ್ಸಿಕಾ ಅಂದರೆ ಕ್ಯಾಲ್ಸಿಯಂ 150ರ ಮೇಲೆ, ಮಗ್ನೇಸಿಕಾ ಅಂದರೆ ಮೆಗ್ನೀಷಿಯಂ 50ರ ಮೇಲೆ. ಇದನ್ನೆಲ್ಲ ಟರ್ಮ್‌ಬೇಸ್‌ಗೆ, ಅಂದರೆ ಅನುವಾದದ ಸಾಫ್ಟ್‌ವೇರಿನ ಪದಕೋಶಕ್ಕೆ ಹಾಕಿ ನಾನೂ ಹಾಯಾಗಿದ್ದೆ. ಆದರೂ ಲೇಬಲ್‌ಗಳು ವಾಪಸ್ ಬರುತ್ತಲೇ ಇದ್ದವು. ಪದ ಸರಿ ಇರುತ್ತಿತ್ತು, ಅದರ ಪಕ್ಕದ ಅಂಕಿ ಕೆಟ್ಟಿರುತ್ತಿತ್ತು. ಇಲ್ಲವೇ ಪದ, ಅಂಕಿ ಎರಡೂ ಸರಿ ಇದ್ದು, ಬಾಟಲಿ ಮಾರಾಟವಾಗುವ ದೇಶದಲ್ಲಿ ಆ ಪದ ಬಳಸುವಂತೆಯೇ ಇರುತ್ತಿರಲಿಲ್ಲ.

ಮೊದಲು ಅಂಕಿಯ ಕಥೆ. ಗ್ಯಾಸ್ ಇರುವ ಒಂದು ನೀರಿನ ಲೇಬಲ್ಲು ಮಷಿನ್ ಅನುವಾದ ಆಗಿ ತಿದ್ದಲು ಬಂತು. ಸೋಡಿಯಂ 1.110 ಮಿಲಿಗ್ರಾಂ. ಸ್ಪೇನಿನಲ್ಲಿ ಚುಕ್ಕೆ ಸಾವಿರಕ್ಕೆ, ಕಾಮಾ ದಶಮಾಂಶಕ್ಕೆ ಅಂತ ಎಲ್ಲರಿಗೂ ಗೊತ್ತು. ಮಷಿನ್ ಮಾತ್ರ ಚುಕ್ಕೆಯನ್ನು ಹಾಗೇ ಬಿಟ್ಟಿತ್ತು. ಇಂಗ್ಲಿಷ್ ಓದುವವರಿಗೆ ಅದು ಒಂದು ಮಿಲಿಗ್ರಾಂ ಚಿಲ್ಲರೆ. 20 ಮಿಲಿಗ್ರಾಂ ಒಳಗಿದ್ದರೆ ಉಪ್ಪು ಕಡಿಮೆ ತಿನ್ನಬೇಕಾದವರಿಗೆ ಸೂಕ್ತ ಅಂತ ಬರೆಯಲು ಅವಕಾಶ ಇದೆ. ಬಿಪಿ ಇರುವವರೊಬ್ಬರು ಈ ಲೇಬಲ್ ನೋಡಿ ದಿನಾ ಒಂದು ಲೀಟರ್ ಕುಡಿದರೆ ಒಂದು ಗ್ರಾಂಗಿಂತ ಜಾಸ್ತಿ ಸೋಡಿಯಂ ಒಳಗೆ ಹೋಗುತ್ತದೆ! ಇದು ಬರೀ ಭಾಷೆಯ ತಪ್ಪಲ್ಲ.

ಇನ್ನೊಂದರಲ್ಲಿ ಪಿಡಿಎಫ್‌ನಿಂದ ಎತ್ತುವಾಗ ಕಾಮಾನೇ ಬಿದ್ದುಹೋಗಿ ಮೆಗ್ನೀಷಿಯಂ 25,9 ಇದ್ದದ್ದು 259 ಆಗಿತ್ತು. ಕಣ್ಣಿಗೆ ಏನೂ ತಪ್ಪು ಕಾಣುವುದಿಲ್ಲ. ಸ್ಪೆಲ್‌ಚೆಕ್ ಹಿಡಿಯುವುದಿಲ್ಲ. ಅನುವಾದದ ತಪ್ಪು ಹುಡುಕುವ ಕ್ಯೂಎ ಟೂಲ್ ಮೂಲ, ಅನುವಾದ ಎರಡೂ ಕಡೆ ಒಂದೇ ಅಂಕಿ ನೋಡಿ ಹಸಿರು ತೋರಿಸುತ್ತದೆ.

ನಾನು ಮಾಡುವುದು ಇಷ್ಟು. ಲೇಬಲ್ಲಿನ ಖನಿಜಗಳ ಟೇಬಲ್ ಬಂದ ತಕ್ಷಣ ಒಂದು ಶೀಟಿಗೆ ಹಾಕುತ್ತೇನೆ. ಕ್ಯಾಲ್ಸಿಯಂ ಅನ್ನು 20ರಿಂದ, ಮೆಗ್ನೀಷಿಯಂ ಅನ್ನು 12ರಿಂದ, ಸೋಡಿಯಂ ಅನ್ನು 23ರಿಂದ ಭಾಗಿಸಿ ಕೂಡುತ್ತೇನೆ. ಆಚೆ ಕಡೆ ಬೈಕಾರ್ಬೊನೇಟ್ 61ರಿಂದ, ಸಲ್ಫೇಟ್ 48ರಿಂದ, ಕ್ಲೋರೈಡ್ 35.5ರಿಂದ. ಮೊದಲಿನವು ಧನ ವಿದ್ಯುತ್ತಿನವು, ಇವು ಋಣದವು, ನೀರಿನಲ್ಲಿ ಎರಡೂ ಸಮ ಇರುತ್ತವೆ, ಹಾಗಾಗಿ ಎರಡೂ ಮೊತ್ತ ಹೆಚ್ಚುಕಮ್ಮಿ ಒಂದೇ ಬರಬೇಕು. ನೂರಕ್ಕೆ ಐದರಷ್ಟು ಏರುಪೇರಾದರೆ ಪರವಾಗಿಲ್ಲ, ಅದಕ್ಕಿಂತ ಜಾಸ್ತಿ ಆದರೆ ಎಲ್ಲೋ ಚುಕ್ಕೆ ಕೈ ಕೊಟ್ಟಿದೆ. ಆ 259 ಇದ್ದ ಟೇಬಲ್ಲಿನಲ್ಲಿ ಒಂದು ಕಡೆ ಸುಮಾರು 25, ಇನ್ನೊಂದು ಕಡೆ 5 ಚಿಲ್ಲರೆ ಬಂತು. ಇನ್ನೇನು ಬೇಕು ಸಾಕ್ಷಿ?

ಎರಡನೇ ಲೆಕ್ಕ ರೆಸಿದುವೊ ಸೆಕೊದ್ದು. ಎಲ್ಲ ಅಂಶಗಳನ್ನೂ ಕೂಡಿದರೆ ಅದು ಬರಬೇಕು ಅಂತ ತುಂಬ ಜನ ಅಂದುಕೊಂಡಿದ್ದಾರೆ. ಬರುವುದಿಲ್ಲ. 180 ಡಿಗ್ರಿಯಲ್ಲಿ ಒಣಗಿಸುವಾಗ ಬೈಕಾರ್ಬೊನೇಟ್ ಅರ್ಧದಷ್ಟು ಗಾಳಿಗೆ ಹೋಗುತ್ತದೆ. ಹಾಗಾಗಿ ಬೈಕಾರ್ಬೊನೇಟನ್ನು 0.49ರಿಂದ ಗುಣಿಸಿ ಆಮೇಲೆ ಕೂಡಿ. ಕುಯೆಂಕಾ ಕಡೆಯ ಒಂದು ನೀರಿನಲ್ಲಿ ಎಲ್ಲ ಸೇರಿಸಿದರೆ ಸುಮಾರು 410 ಬರುತ್ತಿತ್ತು, ಲೇಬಲ್ಲಿನಲ್ಲಿ 260ರ ಹತ್ತಿರ ಇತ್ತು. ಕಂಪನಿಯ ಇಂಗ್ಲಿಷ್ ರಿವ್ಯೂ ಮಾಡಿದವರು ತಪ್ಪು ಅಂತ ಕೆಂಪು ಗುರುತು ಹಾಕಿ ಕಳಿಸಿದರು. 0.49 ಹಾಕಿದ ಲೆಕ್ಕ ಕಳಿಸಿದೆ. 265 ಬಂದಿತ್ತು. ಆಮೇಲೆ ಮಾತಿಲ್ಲ. ಹಳೆಯ ಲೇಬಲ್ಲುಗಳಲ್ಲಿ 180ರ ಬದಲು 110 ಡಿಗ್ರಿ ಅಂತ ಇರುತ್ತದೆ, ಅದನ್ನು ದಯವಿಟ್ಟು "ಸರಿ" ಮಾಡಬೇಡಿ. ಎರಡೂ ಬೇರೆ ಬೇರೆ ಅಳತೆ.

ನನ್ನ ಶೀಟಿನಲ್ಲಿ ಇನ್ನೊಂದು ಕಾಲಂ ಇದೆ. ಅದು ಏನು ಹಿಡಿಯುತ್ತದೆ ಅಂತ ಹೇಳುವುದಿಲ್ಲ, ನನ್ನ ಹೊಟ್ಟೆಪಾಡು ಅದರಿಂದಲೇ ನಡೆಯುತ್ತಿದೆ.

ಈಗ ದೇಶದ ವಿಷಯ. ಸೆಗೋವಿಯಾದ ಬೆಸೋಯಾ ನೀರಿನ ರೆಸಿದುವೊ ಸೆಕೊ 27ರ ಸುಮಾರು. ಬ್ರಿಟನ್ನಿಗೆ ಹೋದರೆ ನ್ಯಾಚುರಲ್ ಮಿನರಲ್ ವಾಟರ್, ವೆರಿ ಲೋ ಮಿನರಲ್ ಕಂಟೆಂಟ್. ಚೆನ್ನಾಗಿದೆ. ಅಮೆರಿಕಾಗೆ ಹೋದರೆ? ಅಲ್ಲಿನ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ನಿಯಮದ ಪ್ರಕಾರ ಕರಗಿದ ಘನವಸ್ತು 250 ಪಿಪಿಎಂ (ಅಂದರೆ ಲೀಟರಿಗೆ ಹೆಚ್ಚುಕಮ್ಮಿ ಅಷ್ಟೇ ಮಿಲಿಗ್ರಾಂ) ಇಲ್ಲದಿದ್ದರೆ ಅದು ಮಿನರಲ್ ವಾಟರೇ ಅಲ್ಲ! ಅಂಥ ನೀರಿಗೆ ಸ್ಪ್ರಿಂಗ್ ವಾಟರ್ ಅನ್ನಬಹುದಾ ಅಂತ ಕ್ಲೈಂಟ್ ಹತ್ತಿರ ಕೇಳಬೇಕು, ಯಾಕೆಂದರೆ ಸ್ಪೇನಿನಲ್ಲಿ ಆಗ್ವಾ ದೆ ಮನಂತಿಯಾಲ್, ಅಂದರೆ ಬುಗ್ಗೆ ನೀರು ಅನ್ನುವುದೇ ಬೇರೆ ವರ್ಗ. ಇನ್ನು 500ರ ಒಳಗಿದ್ದರೆ ಲೋ ಮಿನರಲ್ ಕಂಟೆಂಟ್ ಅಂತ ಯುರೋಪಿನಲ್ಲಿ ಬೇಕಾದರೆ ಬರೆಯಬಹುದು, ಅಮೆರಿಕಾದಲ್ಲಿ ಮಿನರಲ್ ವಾಟರ್ ಅಂತ ಮಾರುವುದಾದರೆ ಬರೆಯಲೇಬೇಕು. ನೈಟ್ರೇಟ್ ಇನ್ನೂ ಅಪಾಯ. ಯುರೋಪಿನವರು ನೈಟ್ರೇಟನ್ನೇ ಲೆಕ್ಕ ಹಾಕುತ್ತಾರೆ, ಅಮೆರಿಕಾದವರು ಅದರೊಳಗಿನ ನೈಟ್ರೋಜನ್ ಮಾತ್ರ. ನಡುವೆ 4.4 ಪಟ್ಟು ವ್ಯತ್ಯಾಸ. ನೀರಿನ ಗಡಸುತನ ಸ್ಪೇನಿನಲ್ಲಿ ಫ್ರೆಂಚ್ ಡಿಗ್ರಿಯಲ್ಲಿರುತ್ತದೆ, ಹತ್ತರಿಂದ ಗುಣಿಸಿದರೆ ಮಿಲಿಗ್ರಾಂ ಲೆಕ್ಕದ ಕ್ಯಾಲ್ಸಿಯಂ ಕಾರ್ಬೊನೇಟ್.

ಆಸಿದುಲಾದಾ ವಿಷಯಕ್ಕೆ ಎಷ್ಟು ಜಗಳ ಆಡಿದ್ದೇನೋ. ನಿರ್ದೇಶನದ ಇಂಗ್ಲಿಷಿನಲ್ಲಿ ಅದು ಅಸಿಡಿಕ್ ಅಂತಲೇ ಇದೆ, ಅಂದರೆ ಇಂಗಾಲದ ಡೈಆಕ್ಸೈಡ್ 250ಕ್ಕಿಂತ ಜಾಸ್ತಿ. ಬಾಟಲಿ ಮೇಲೆ ಅಸಿಡಿಕ್ ಅಂತ ನೋಡಿದರೆ ಯಾರು ಕೊಳ್ಳುತ್ತಾರೆ ಅಂತ ಮಾರ್ಕೆಟಿಂಗ್‌ನವರು. ಬೇರೆ ಪದ ಹುಡುಕುವುದಕ್ಕಿಂತ ಆ ಸಾಲನ್ನೇ ಬಿಡಿ ಅಂದೆ. ಅದು ಕಡ್ಡಾಯ ಅಲ್ಲ. ಬಿಟ್ಟರು.

ನಡುವೆ ಒಂದು ಹುಚ್ಚು. ಹೀರೋನಾ ಹತ್ತಿರದ ವಿಚಿ ಕತಲಾನ್ ನೀರು ಕುಡಿಯದೆ ಅದರ ಬಗ್ಗೆ ಬರೆಯುವುದು ಹೇಗೆ ಅಂತ ಮನೆಯಲ್ಲೇ ಮಾಡಲು ಹೊರಟೆ. ಒಂದು ಲೀಟರಿಗೆ ಮೂರು ಗ್ರಾಂ ಅಡಿಗೆ ಸೋಡಾ, ಒಂದು ಗ್ರಾಂಗೆ ಸ್ವಲ್ಪ ಕಡಿಮೆ ಉಪ್ಪು. ಸೋಡಿಯಂ 1,200ರ ಹತ್ತಿರ, ಬೈಕಾರ್ಬೊನೇಟ್ 2,100ರ ಮೇಲೆ. ಕಾಗದದ ಮೇಲೆ ಆ ನೀರಿಗೆ ತುಂಬ ಹತ್ತಿರ. ಫ್ರಿಜ್‌ನಲ್ಲಿಟ್ಟು ಗ್ಯಾಸ್ ತುಂಬಿಸಿ ಕುಡಿದೆ. ಉಪ್ಪುಪ್ಪು, ಆದರೆ ಊಟ ಆದಮೇಲೆ ಹಿತ. ಅದೇ ಉತ್ಸಾಹದಲ್ಲಿ ಒಂದು ಟಿಡಿಎಸ್ ಮೀಟರ್ ಕೊಂಡೆ, ಐನೂರು ರೂಪಾಯಿ ಇರಬೇಕು. ಅದು ವಿದ್ಯುತ್ ಹರಿಯುವುದನ್ನು ಅಳೆದು ಅಂದಾಜು ಹೇಳುತ್ತದೆ, ಒಣಗಿಸಿ ತೂಗುವುದಿಲ್ಲ. ಆ ಅಂಕಿಯನ್ನು ರೆಸಿದುವೊ ಸೆಕೊ ಜೊತೆ ಹೋಲಿಸಬೇಡಿ.

ದುಡ್ಡಿನ ವಿಷಯ ಬಿಡುವುದಿಲ್ಲ. ಒಂದು ಲೇಬಲ್ಲಿನಲ್ಲಿ ಅರವತ್ತು ಎಪ್ಪತ್ತು ಪದ. ಪದಕ್ಕೆ ಎರಡೂವರೆ ಮೂರು ರೂಪಾಯಿ ಅಂದರೆ ಇನ್ನೂರು ಸಿಗುತ್ತಿತ್ತು, ಅದಕ್ಕೆ ಅರ್ಧ ದಿನ ಹೋಗುತ್ತಿತ್ತು. ಪದದ ಲೆಕ್ಕ ಬೇಡ, ಲೇಬಲ್ಲಿಗೆ ಇಷ್ಟು ಅಂತ ಹೇಳಿದಾಗ ಏಜೆನ್ಸಿ ಕೆಲಸವನ್ನೇ ನಿಲ್ಲಿಸಿತು. ಕೆಲವು ತಿಂಗಳು ಬರೀ ಹೋಟೆಲ್ ಮೆನು ಮಾಡಿಕೊಂಡಿದ್ದೆ. ಆಮೇಲೆ ಆ ಸೋಡಿಯಂ ಲೇಬಲ್ ಪ್ರಿಂಟ್ ಆಗುವ ಮೊದಲು ನನ್ನ ಕೈಗೆ ಬಂದು ಸಿಕ್ಕಿಬಿತ್ತು. ಒಂದು ಲಾಟ್ ಲೇಬಲ್ ಎಸೆಯುವ ಖರ್ಚಿನ ಮುಂದೆ ನನ್ನ ರೇಟು ಏನೂ ಅಲ್ಲ ಅಂತ ಅವರಿಗೇ ಗೊತ್ತಾಯಿತು. ಈಗ ಲೇಬಲ್ಲಿಗೆ ನಾಲ್ಕು ಸಾವಿರದ ಆಸುಪಾಸು. ಲೆಕ್ಕದ ಶೀಟನ್ನೂ ಜೊತೆಗೆ ಕಳಿಸುತ್ತೇನೆ, ಆ ಗುಟ್ಟಿನ ಕಾಲಂ ತೆಗೆದು.

ನಾನು ಪಾವಗಡದ ಕಡೆಯವನು. ನಮ್ಮ ಕಡೆ ಬೋರ್‌ವೆಲ್ ನೀರಿನ ಫ್ಲೋರೈಡ್ ಹಲ್ಲಿಗೆ, ಮೂಳೆಗೆ ಏನು ಮಾಡುತ್ತದೆ ಅಂತ ನೋಡಿ ಬೆಳೆದವನು. ಅದಕ್ಕೇ ಇದೊಂದು ಸಾಲಿನ ಬಗ್ಗೆ ತುಂಬ ಕಟ್ಟುನಿಟ್ಟು. ಫ್ಲೋರೈಡ್ 1.5 ಮಿಲಿಗ್ರಾಂ ದಾಟಿದರೆ, ಹಸುಗೂಸುಗಳಿಗೆ ಮತ್ತು 7 ವರ್ಷದೊಳಗಿನ ಮಕ್ಕಳಿಗೆ ದಿನಾ ಕುಡಿಸಲು ಸೂಕ್ತವಲ್ಲ ಅನ್ನುವ ಎಚ್ಚರಿಕೆ ಯುರೋಪಿನಲ್ಲಿ ಕಡ್ಡಾಯ. ಜಾಗ ಸಾಲದು, ಚಿಕ್ಕದು ಮಾಡಿ ಅಂತ ಡಿಸೈನರ್ ಕೇಳುತ್ತಾರೆ. ಬೇಕಾದರೆ ಬುಗ್ಗೆಯ ಇತಿಹಾಸದ ಪ್ಯಾರಾ ಕತ್ತರಿಸಿ ಅನ್ನುತ್ತೇನೆ. ಈ ಸಾಲಿನಲ್ಲಿ ಒಂದು ಪದವನ್ನೂ ಬಿಟ್ಟುಕೊಟ್ಟಿಲ್ಲ.