ಎದುರಿನವರ ಮನಸ್ಸನ್ನು ಜಾಸ್ತಿ ಓದುವವರ ಜೊತೆ ಕೂತಾಗ

ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ (ಬಿಪಿಡಿ), ಅಂದರೆ ಭಾವನೆಗಳು ಮತ್ತು ಸಂಬಂಧಗಳು ವಿಪರೀತ ಏರುಪೇರಾಗುವ ಮಾನಸಿಕ ಸಮಸ್ಯೆ ಇರುವವರ ಜೊತೆ ಕೆಲಸ ಮಾಡುವ ಆಪ್ತಸಮಾಲೋಚಕಿ ನಾನು. ಇವರಿಗೆ ಬೇರೆಯವರ ಮನಸ್ಸು ಅರ್ಥವಾಗುವುದಿಲ್ಲ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ನಾನು ನೋಡಿದ್ದು ಹೆಚ್ಚಾಗಿ ಅದರ ಉಲ್ಟಾ. ಮುಖದಲ್ಲಿ ಒಂದು ಗೆರೆ ಬದಲಾದರೂ ಅವರ ಕಣ್ಣಿಗೆ ಬೀಳುತ್ತದೆ. ತೊಂದರೆ ಶುರುವಾಗುವುದು ಆಮೇಲೆ. ಗೆಳತಿಯಿಂದ ಬರೀ ‘ಸರಿ’ ಅಂತ ಮೆಸೇಜ್ ಬಂತು ಅನ್ನಿ. ಅವಳಿಗೆ ನನ್ನ ಸಹವಾಸ ಸಾಕಾಗಿದೆ, ದೂರವಾಗಲು ನೆಪ ಹುಡುಕುತ್ತಿದ್ದಾಳೆ ಅಂತ ಇಡೀ ಕಥೆ ರೆಡಿಯಾಗಿಬಿಡುತ್ತದೆ. ಅದು ಊಹೆ ಅಂತ ಅವರಿಗೆ ಅನಿಸುವುದೇ ಇಲ್ಲ, ಕಣ್ಣಾರೆ ಕಂಡಷ್ಟೇ ನಿಜ.

ಇದಕ್ಕೆ ಹೈಪರ್‌ಮೆಂಟಲೈಸಿಂಗ್ ಅನ್ನುತ್ತಾರೆ. ಮನೋವಿಜ್ಞಾನಿ ಕಾರ್ಲಾ ಶಾರ್ಪ್ ಮತ್ತು ಅವರ ತಂಡದ 2011ರ ಅಧ್ಯಯನದಲ್ಲಿ ಹದಿಹರೆಯದವರಿಗೆ ಒಂದು ಚಿಕ್ಕ ಸಿನಿಮಾ ತೋರಿಸಿ, ಮಧ್ಯೆ ಮಧ್ಯೆ ನಿಲ್ಲಿಸಿ, ಈ ಪಾತ್ರಕ್ಕೆ ಈಗ ಏನನಿಸುತ್ತಿದೆ ಅಂತ ಕೇಳಿದ್ದರು. ಬಿಪಿಡಿ ಲಕ್ಷಣ ಜಾಸ್ತಿ ಇದ್ದವರಲ್ಲಿ ಎದ್ದು ಕಂಡದ್ದು ಇಲ್ಲದ ಅರ್ಥವನ್ನೂ ಓದಿಬಿಡುವ ಗುಣ.

ಇಂಥವರ ಮುಂದೆ ಕೂತಾಗ ವಿವರಣೆ ಕೊಡುವ ಆಸೆ ಬಹಳ ಬರುತ್ತದೆ. ‘ಚಿಕ್ಕವರಿದ್ದಾಗ ಅಮ್ಮ ಹೀಗೆ ಮಾಡಿದ್ದರಲ್ಲ, ಅದಕ್ಕೇ ನಿಮಗೆ ಹಾಗನಿಸುತ್ತಿದೆ’ ಅಂತ. ಯೋಚಿಸಿ ನೋಡಿ, ಇದೂ ಕೇಳದೆ ಇನ್ನೊಬ್ಬರ ಮನಸ್ಸು ಓದಿದ್ದೇ ಅಲ್ವಾ? ಅವರು ಬಿಡಬೇಕಾದ್ದನ್ನೇ ನಾನು ಮಾಡಿ ತೋರಿಸಿದಂತೆ. ಪೀಟರ್ ಫೋನಗಿ ಮತ್ತು ಆಂಥನಿ ಬೇಟ್‌ಮನ್ ರೂಪಿಸಿದ ಎಂಬಿಟಿ (ಮೆಂಟಲೈಸೇಶನ್ ಬೇಸ್ಡ್ ಟ್ರೀಟ್‌ಮೆಂಟ್, ಅಂದರೆ ತಮ್ಮ ಮತ್ತು ಬೇರೆಯವರ ಮನಸ್ಸನ್ನು ಅರ್ಥಮಾಡಿಕೊಳ್ಳಲು ಕಲಿಸುವ) ಚಿಕಿತ್ಸೆಯಲ್ಲಿ ನನಗೆ ಹಿಡಿಸಿದ್ದು ಇದೇ ಕಾರಣಕ್ಕೆ, ‘ನನಗೆ ಗೊತ್ತಿಲ್ಲ, ನೀವೇ ಹೇಳಿ’ ಅನ್ನುವ ನಿಲುವು.

ಒಮ್ಮೆ ಒಬ್ಬರು ಮಾತು ನಿಲ್ಲಿಸಿ, “ನೀವು ಗಡಿಯಾರ ನೋಡಿದ್ರಿ. ನಿಮಗೂ ನನ್ನ ಕಾಟ ಸಾಕಾಗಿದೆ” ಅಂದರು. ನಾನು ನೋಡಿದ್ದು ನಿಜ. ಅದೆಲ್ಲ ನಿಮ್ಮ ಕಲ್ಪನೆ ಅಂದಿದ್ದರೆ ಅವರ ಕಣ್ಣನ್ನೇ ಸುಳ್ಳು ಮಾಡಿದಂತೆ. “ಹೌದು, ನೋಡಿದೆ. ಈ ವಿಷಯಕ್ಕೆ ಸಮಯ ಸಾಲುತ್ತಾ ಅಂತ ನೋಡಿದೆ. ನೋಡಿದಾಗ ನಿಮಗೆ ಏನಾಯ್ತು?” ಅಂತ ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ಅದಕ್ಕೆ ಮುಂಚೆ ಏನು ಮಾತಾಡುತ್ತಿದ್ದೆವು ಅಂತ ಇಬ್ಬರೂ ಸೇರಿ ಹಿಂದೆ ಹೋದೆವು. ಅಕ್ಕ ಫೋನ್ ಎತ್ತದಿದ್ದ ವಿಷಯ. ನೋವು ಎದ್ದದ್ದು ಅಲ್ಲಿ, ಬಂದು ನಿಂತದ್ದು ಗಡಿಯಾರದ ಮೇಲೆ.

ಸಿಟ್ಟು, ಭಯ ಜೋರಾಗಿದ್ದಾಗ ‘ಬೇರೆ ಅರ್ಥವೂ ಇರಬಹುದಲ್ವಾ?’ ಅಂತ ನಾನು ಕೇಳುವುದಿಲ್ಲ. ಆ ಹೊತ್ತಿಗೆ ಅದು ‘ನೀನು ತಪ್ಪು’ ಅಂತಲೇ ಕೇಳಿಸುತ್ತದೆ. ಮಾತು ಕಡಿಮೆ ಮಾಡುತ್ತೇನೆ, ಚಿಕ್ಕ ಚಿಕ್ಕ ವಾಕ್ಯ ಆಡುತ್ತೇನೆ, ‘ತುಂಬಾ ನೋವಾಗಿದೆ’ ಅನ್ನುವಷ್ಟಕ್ಕೇ ನಿಲ್ಲುತ್ತೇನೆ. ಉಸಿರು ಹತೋಟಿಗೆ ಬಂದ ಮೇಲೆ ಉಳಿದದ್ದು.

ಇನ್ನೊಂದು, ಅವರು ಓದಿದ್ದು ಕೆಲವು ಸಲ ಸರಿಯಾಗಿಯೇ ಇರುತ್ತದೆ. ಗೆಳತಿ ನಿಜಕ್ಕೂ ದೂರವಾಗುತ್ತಿರಬಹುದು. ಆದ್ದರಿಂದ ಊಹೆ ಸುಳ್ಳು ಅಂತ ಸಾಬೀತು ಮಾಡಲು ನಾನು ಹೋಗುವುದಿಲ್ಲ. ಕೇಳಿ ತಿಳಿಯುವುದನ್ನು ಅಭ್ಯಾಸ ಮಾಡಿಸುತ್ತೇನೆ. ‘ನಿನಗೆ ನಾನು ಬೇಡವಾಗಿದ್ದೀನಿ ಅಲ್ವಾ?’ ಅಂದರೆ ಎದುರಿನವರು ತಮ್ಮನ್ನು ಸಮರ್ಥಿಸಿಕೊಳ್ಳಲು ನಿಲ್ಲುತ್ತಾರೆ. ‘ನೀನು ಬರೀ ಸರಿ ಅಂದಾಗ ನಂಗೆ ಬೇಜಾರಾಯ್ತು. ಆಗ ನಿನ್ನ ಮನಸ್ಸಲ್ಲಿ ಏನಿತ್ತು?’ ಅಂದರೆ ಉತ್ತರ ಬರುವ ಸಾಧ್ಯತೆ ಜಾಸ್ತಿ. ನನ್ನ ಕೋಣೆಯಲ್ಲಿ ನನ್ನ ಮೇಲೆಯೇ ಮೊದಲು ಪ್ರಯೋಗ ಮಾಡಿ ಅನ್ನುತ್ತೇನೆ. ಬಂದ ಉತ್ತರವನ್ನು ನಂಬಲು ಆಗದಿದ್ದರೆ ಅದನ್ನೂ ಬಾಯಿಬಿಟ್ಟು ಹೇಳಿ ಅನ್ನುತ್ತೇನೆ. ಅನುಮಾನ ಒಳಗೇ ಉಳಿದರೆ ಅದರ ಸುತ್ತ ಮತ್ತೆ ಕಥೆ ಬೆಳೆಯುತ್ತದೆ, ಹೊರಗೆ ಬಂದರೆ ಇಬ್ಬರೂ ಕೂತು ಅದನ್ನು ನೋಡಬಹುದು.