ಹಿಮ್ಮಡಿಗೆ ಸ್ಪರ್ಶ ಮರಳಿ ತಂದಿದ್ದು: ನನ್ನ ಅನುಭವ

ಸ್ವಂತವಾಗಿ ಫ್ಲ್ಯಾಪ್ ಸರ್ಜರಿ (ಬೇರೆ ಕಡೆಯ ಚರ್ಮನೋ ಸ್ನಾಯುನೋ ರಕ್ತನಾಳದ ಸಮೇತ ತಂದು ಗಾಯ ಮುಚ್ಚೋದು) ಮಾಡೋಕೆ ಶುರು ಮಾಡಿದ ಹೊಸದ್ರಲ್ಲಿ ಒಬ್ರು ಬಂದಿದ್ರು, ಆಕ್ಸಿಡೆಂಟಲ್ಲಿ ಹಿಮ್ಮಡಿ ಚರ್ಮ ಪೂರ್ತಿ ಕಿತ್ತು ಹೋಗಿತ್ತು. ಬೆನ್ನಿನ ಸ್ನಾಯು ತಂದು ಮುಚ್ಚಿ ಮೇಲೆ ತೊಡೆಯಿಂದ ತೆಗೆದ ತೆಳು ಚರ್ಮದ ಪದರ, ಅಂದ್ರೆ ಗ್ರಾಫ್ಟ್ ಹಾಕ್ದೆ, ಎಲ್ಲಾ ಚೆನ್ನಾಗಿ ಹಿಡೀತು, ತುಂಬಾ ಖುಷಿಯಾಗಿದ್ದೆ. ಎಂಟು ತಿಂಗಳಾದ್ಮೇಲೆ ಅದೇ ಜಾಗದಲ್ಲಿ ಹುಣ್ಣು ಮಾಡ್ಕೊಂಡು ವಾಪಸ್ ಬಂದ್ರು. ಶೂ ಒಳಗೆ ಸಣ್ಣ ಕಲ್ಲೊಂದು ಸೇರ್ಕೊಂಡು ದಿನವಿಡೀ ಒತ್ತಿದೆ, ಸಂಜೆ ಸಾಕ್ಸಲ್ಲಿ ರಕ್ತ ನೋಡೋ ತನಕ ಅವರಿಗೆ ಗೊತ್ತೇ ಆಗಿಲ್ಲ. ರಕ್ತನಾಳ ಜೋಡ್ಸಿದ್ದೆ, ನರದ ಬಗ್ಗೆ ಯೋಚನೇನೇ ಮಾಡಿರ್ಲಿಲ್ಲ.

ಅವತ್ತಿಂದ ಹಿಮ್ಮಡಿ ಕೇಸ್ ಬಂದ್ರೆ ನರ ಎಲ್ಲಿಂದ ತರ್ತೀನಿ ಅನ್ನೋದನ್ನ ಮೊದ್ಲೇ ಬರ್ದಿಡ್ತೀನಿ. ಗಾಯ ತೀರಾ ದೊಡ್ಡದಿಲ್ಲ ಅಂದ್ರೆ ನನ್ನ ಆಯ್ಕೆ ಮೀಡಿಯಲ್ ಪ್ಲಾಂಟರ್ ಫ್ಲ್ಯಾಪ್, ಅಂದ್ರೆ ಅಂಗಾಲಿನ ನಡುವೆ ನೆಲಕ್ಕೆ ತಾಗದೆ ಕಮಾನಿನ ಥರ ಇರುತ್ತಲ್ಲ ಆ ಚರ್ಮ. ಅದೂ ಅಂಗಾಲಿನದೇ ದಪ್ಪ ಚರ್ಮ, ನಡೆದ್ರೆ ಜಾರಲ್ಲ. ಕಣಕಾಲಿನ ಒಳಬದಿ ಗಂಟಿನ ಹಿಂದೆ ಪೋಸ್ಟೀರಿಯರ್ ಟಿಬಿಯಲ್ ನಾಡಿ (ಈ ಫ್ಲ್ಯಾಪಿಗೆ ರಕ್ತ ಕೊಡೋ ನಾಳದ್ದು) ಸರಿಯಾಗಿ ಸಿಗ್ತಿದ್ಯಾ ಅಂತ ರಕ್ತದ ಹರಿವು ಕೇಳಿಸೋ ಡಾಪ್ಲರಲ್ಲಿ ನೋಡ್ಕೊಂಡೇ ಮುಂದೆ ಹೋಗೋದು. ಬೆರಳಿನ ಕಡೆಯಿಂದ ಶುರು ಮಾಡಿ, ಅಂಗಾಲಿನ ಚರ್ಮದ ಕೆಳಗಿರೋ ಗಟ್ಟಿ ಪದರ ಪ್ಲಾಂಟರ್ ಫ್ಯಾಶಿಯಾನೂ ಜೊತೆಗೆ ತಗೊಂಡು ಹಿಂದಕ್ಕೆ ಎತ್ಕೊಂಡು ಬರ್ತೀನಿ. ನಿಜವಾದ ಕೆಲಸ ಇರೋದು ನರದಲ್ಲಿ. ಚರ್ಮಕ್ಕೆ ಹೋಗೋ ಎಳೆಗಳನ್ನ ಕಣ್ಣಿಗೆ ಲೂಪ್ (ದೊಡ್ಡದಾಗಿ ತೋರಿಸೋ ಕನ್ನಡಕ) ಹಾಕ್ಕೊಂಡು ದೊಡ್ಡ ನರದಿಂದ ಒಂದೊಂದಾಗಿ ಬಿಡಿಸ್ಬೇಕು, ದೊಡ್ಡ ನರಕ್ಕೆ ಪೆಟ್ಟಾದ್ರೆ ಬೆರಳುಗಳು ಮರಗಟ್ಟುತ್ವೆ. ಇಲ್ಲಿ ಅವಸರ ಮಾಡ್ಲೇಬಾರ್ದು. ಫ್ಲ್ಯಾಪ್ ಎತ್ತಿದ ಜಾಗಕ್ಕೆ ಗ್ರಾಫ್ಟ್ ಸಾಕು.

ಈ ವಿಧಾನದಲ್ಲಿ ನರ ಕತ್ತರಿಸಲ್ಲ, ಹಾಗಾಗಿ ಸ್ಪರ್ಶ ಶುರುವಿನಿಂದ್ಲೇ ಇರುತ್ತೆ. ಆದ್ರೆ ಹಿಮ್ಮಡಿ ಮುಟ್ಟಿದ್ರೆ "ಅಂಗಾಲಿನ ನಡುವೆ ಮುಟ್ತಿದೀರ" ಅಂತಾರೆ, ಮೆದುಳಿಗೆ ಇನ್ನೂ ಹಳೇ ವಿಳಾಸ! ಕಣ್ಣು ಬಿಟ್ಟು ನೋಡ್ತಾ ಹತ್ತಿ, ಬಟ್ಟೆ, ಬ್ರಶ್ ಮುಟ್ಟಿಸ್ಕೊಳ್ಳೋದು, ಆಮೇಲೆ ಕಣ್ಣು ಮುಚ್ಚಿ ಅದನ್ನೇ ಮಾಡೋದು, ದಿನಾ ಮಾಡಿದ್ರೆ ನಿಧಾನಕ್ಕೆ ಕಲೀತಾರೆ.

ಗಾಯ ದೊಡ್ಡದಾದ್ರೆ ಇದು ಸಾಲಲ್ಲ. ಹಾಗಿದ್ದ ಒಬ್ಬ ಹುಡುಗನಿಗೆ ಎಎಲ್‌ಟಿ ಫ್ಲ್ಯಾಪನ್ನ, ಅಂದ್ರೆ ತೊಡೆಯ ಮುಂದಿನ ಹೊರಬದಿಯ ಚರ್ಮನ, ಅಲ್ಲಿ ಸ್ಪರ್ಶ ಕೊಡೋ ಲ್ಯಾಟರಲ್ ಫೀಮೊರಲ್ ಕ್ಯುಟೇನಿಯಸ್ ನರದ ಸಮೇತ ತಗೊಂಡೆ. ಹಿಮ್ಮಡಿಗೆ ಹೋಗೋ ಮೀಡಿಯಲ್ ಕ್ಯಾಲ್ಕೇನಿಯಲ್ ನರದ ಹರಿದ ತುದಿ ಹುಡುಕಿ, ಜಜ್ಜಿದ ಭಾಗ ಕತ್ತರಿಸ್ತಾ ಒಳ್ಳೇ ಎಳೆಗಳು ಕಾಣೋ ತನಕ ಹಿಂದೆ ಹೋಗಿ, ಮೈಕ್ರೋಸ್ಕೋಪ್ ಕೆಳಗೆ ಕೂದಲಿಗಿಂತ ತೆಳುವಾದ 9-0 ನೈಲಾನ್ ದಾರದಲ್ಲಿ ತೊಡೆಯ ನರಕ್ಕೆ ಜೋಡ್ಸಿದೆ. ಎಳೆತ ಒಂಚೂರೂ ಇರ್ಬಾರ್ದು, ಅದಕ್ಕೇ ಎತ್ತುವಾಗ್ಲೇ ನರ ಉದ್ದವಾಗಿ ತಗೊಂಡಿದ್ದೆ. ನರ ಬೆಳೆಯೋದು ದಿನಕ್ಕೆ ಸುಮಾರು 1 ಮಿಲಿಮೀಟರ್, ಫ್ಲ್ಯಾಪ್ ಒಳಗೆ 10 ಸೆಂಟಿಮೀಟರ್ ಹೋಗ್ಬೇಕಂದ್ರೆ ಮೂರು ತಿಂಗಳ ಮೇಲಾಗುತ್ತೆ. ಅಲ್ಲಿವರೆಗೂ ಬೆಳಿಗ್ಗೆ ಸಂಜೆ ಕನ್ನಡಿ ಇಟ್ಟು ಹಿಮ್ಮಡಿ ನೋಡ್ಕೋಬೇಕು ಅಂತ ಹುಡುಗನಿಗೂ ಅವರಮ್ಮನಿಗೂ ಎಷ್ಟು ಸಲ ಹೇಳಿದೀನೋ. ಪ್ರತಿ ಸಲ ಬೆರಳಲ್ಲಿ ತಟ್ಟಿ ಜುಮ್ ಅನ್ನೋ ಜಾಗ ಎಲ್ಲೀತನಕ ಬಂತು ಅಂತ ಪೆನ್ನಲ್ಲಿ ಗುರುತು ಹಾಕ್ತಿದ್ದೆ, ಆ ಗುರುತು ಮುಂದೆ ಮುಂದೆ ಹೋಗೋದನ್ನ ನೋಡೋಕೆ ನನಗೇ ಕಾತರ.

ಹತ್ತನೇ ತಿಂಗಳಲ್ಲಿ 10 ಗ್ರಾಂ ಮಾನೋಫಿಲಮೆಂಟ್ (ಸ್ಪರ್ಶ ಪರೀಕ್ಷೆಗೆ ಚರ್ಮಕ್ಕೆ ಒತ್ತೋ ನೈಲಾನ್ ಎಳೆ) ಒತ್ತಿದ್ದು ಅವನಿಗೆ ಗೊತ್ತಾಯ್ತು. ಬೆರಳ ತುದಿಯಷ್ಟು ಸೂಕ್ಷ್ಮ ಅಲ್ಲ, ಆಗೋದೂ ಇಲ್ಲ. ಹೋಗುವಾಗ ಶೂ ಹಾಕ್ಕೊಂಡ ಹುಡುಗ ತಕ್ಷಣ ಬಿಚ್ಚಿದ, ಸಾಕ್ಸ್ ಮಡಚ್ಕೊಂಡು ಹಿಮ್ಮಡಿಗೆ ಒತ್ತುತಿತ್ತಂತೆ.