ಮನೆಯಲ್ಲೇ ಏರ್ ಪ್ಯೂರಿಫೈಯರ್: ನಾಲ್ಕು ಫಿಲ್ಟರ್, ಒಂದು ಎಕ್ಸಾಸ್ಟ್ ಫ್ಯಾನ್

ಏರ್ ಪ್ಯೂರಿಫೈಯರ್ ಒಳಗೆ ಮುಖ್ಯವಾಗಿ ಇರುವುದು ಎರಡೇ: ದೂಳು ಹಿಡಿಯುವ ಫಿಲ್ಟರ್, ಅದರ ಮೂಲಕ ಗಾಳಿ ಎಳೆಯುವ ಫ್ಯಾನ್. ಅಮೆರಿಕದ ರಿಚರ್ಡ್ ಕೋರ್ಸಿ ಮತ್ತು ಜಿಮ್ ರೋಸೆಂಥಾಲ್ 2020ರಲ್ಲಿ ರೂಪಿಸಿದ, ಮನೆಯಲ್ಲೇ ಮಾಡಿಕೊಳ್ಳಬಹುದಾದ ಪ್ಯೂರಿಫೈಯರ್ ಪೆಟ್ಟಿಗೆಯಲ್ಲೂ ಅಷ್ಟೇ. ಅವರದು 20 ಇಂಚಿನ ಬಾಕ್ಸ್ ಫ್ಯಾನ್. ನಮ್ಮ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಅದು ಅಪರೂಪ, 12 ಇಂಚಿನ ಎಕ್ಸಾಸ್ಟ್ ಫ್ಯಾನ್ ಮಾತ್ರ ಎಲ್ಲೆಡೆ ಸಿಗುತ್ತದೆ. ಇಲ್ಲಿ ಬಳಸುವುದು ಅದನ್ನೇ.

ಬಹಳ ಮಂದಿ ಎಡವುವುದು ಫಿಲ್ಟರ್ ಆಯ್ಕೆಯಲ್ಲಿ. ಅತಿ ಸೂಕ್ಷ್ಮ ಕಣಗಳನ್ನೂ ತಡೆಯುವ ಹೆಪಾ ಎಚ್13 ದರ್ಜೆಯ ಫಿಲ್ಟರ್ ಶೇ. 99.95ರಷ್ಟು ಕಣ ಹಿಡಿಯುತ್ತದೆ, ನಿಜ. ಆದರೆ ಅದರ ಮೂಲಕ ಗಾಳಿ ಎಳೆಯುವ ಒತ್ತಡ ಎಕ್ಸಾಸ್ಟ್ ಫ್ಯಾನಿಗಿಲ್ಲ. ಫ್ಯಾನ್ ಸದ್ದು ಮಾಡುತ್ತದೆ, ಗಾಳಿ ಮಾತ್ರ ಹೊರಡುವುದಿಲ್ಲ. ಮರ್ವ್ ಎಂಬುದು ಫಿಲ್ಟರಿನ ಕಣ ಹಿಡಿಯುವ ಸಾಮರ್ಥ್ಯದ ಅಳತೆ. ಮರ್ವ್ 13 ದರ್ಜೆಯದು 0.3ರಿಂದ 1 ಮೈಕ್ರಾನ್ (ಮಿ.ಮೀ.ನ ಸಾವಿರದ ಒಂದು ಭಾಗ) ಕಣಗಳಲ್ಲಿ ಕನಿಷ್ಠ ಅರ್ಧದಷ್ಟನ್ನು, 1ರಿಂದ 3 ಮೈಕ್ರಾನಿನವುಗಳಲ್ಲಿ ಶೇ. 85ರಷ್ಟನ್ನು ಒಂದೇ ಸುತ್ತಿಗೆ ಹಿಡಿಯುತ್ತದೆ. ಗಾಳಿ ಸಲೀಸಾಗಿ ಹಾಯುವುದರಿಂದ ಕೋಣೆಯ ಗಾಳಿ ಮತ್ತೆ ಮತ್ತೆ ಸೋಸಿ ಬರುತ್ತದೆ. ನಾಲ್ಕು ಫಿಲ್ಟರ್ ಹಾಕುವುದೂ ಇದಕ್ಕೇ: ವಿಸ್ತಾರ ಹೆಚ್ಚಿದಷ್ಟೂ ಫ್ಯಾನಿನ ಮೇಲಿನ ಹೊರೆ ಕಡಿಮೆ.

ಫ್ಯಾನ್ ಕೊಳ್ಳುವ ಮುನ್ನ ಲೆಕ್ಕ ಹಾಕಿ. 10×12 ಅಡಿಯ, 10 ಅಡಿ ಎತ್ತರದ ಕೋಣೆಯಲ್ಲಿ 1200 ಘನ ಅಡಿ, ಅಂದರೆ 34 ಘನ ಮೀಟರ್ ಗಾಳಿ ಇದೆ. ಗಂಟೆಗೆ ಐದು ಸಲ ಶುದ್ಧವಾಗಬೇಕೆಂದರೆ 170 ಘನ ಮೀಟರ್. ಫಿಲ್ಟರ್ ಅರ್ಧ ಮಾತ್ರ ಹಿಡಿಯುತ್ತದೆಂದುಕೊಂಡರೆ 340. ಫ್ಯಾನಿನ ಡಬ್ಬಿಯ ಮೇಲಿನ ಅಂಕಿ ಫಿಲ್ಟರ್ ಇಲ್ಲದಾಗಿನದು. ಅದರಲ್ಲಿ ಅರ್ಧ ಕಳೆದು ನೋಡುವುದು ಕ್ಷೇಮ. ಹಾಗಾಗಿ ಗಂಟೆಗೆ 700 ಘನ ಮೀಟರಿಗಿಂತ ಕಡಿಮೆಯದು ಬೇಡ. ಮಲಗುವ ಕೋಣೆಗಾದರೆ ನಿಮಿಷಕ್ಕೆ 1400 ಸುತ್ತಿನದಕ್ಕಿಂತ 900 ಸುತ್ತಿನ ಫ್ಯಾನ್ ವಾಸಿ, ಸದ್ದು ಕಡಿಮೆ.

ಬೇಕಾಗುವುದು: 16×16×2 ಇಂಚಿನ ಮರ್ವ್ 13 ಫಿಲ್ಟರ್ ನಾಲ್ಕು (ಸೆಂಟ್ರಲ್ ಎಸಿಗೆ ಫಿಲ್ಟರ್ ಮಾಡುವವರು ಅಳತೆಗೆ ಮಾಡಿಕೊಡುತ್ತಾರೆ, ಫ್ಲ್ಯಾಂಜ್, ಅಂದರೆ ಹೊರಚಾಚಿದ ಅಂಚುಪಟ್ಟಿ, ಇಲ್ಲದ ಬಾಕ್ಸ್ ಟೈಪ್ ಕೇಳಿ), 18×18 ಇಂಚಿನ 12 ಮಿ.ಮೀ. ಪ್ಲೈವುಡ್ ಎರಡು, ಫೋಮ್ ಟೇಪ್, 2 ಇಂಚಿನ ಡಕ್ಟ್ ಟೇಪ್, 4 ಇಂಚಿನ ಮರದ ಕಾಲು ನಾಲ್ಕು, ಅರ್ತ್ ಇರುವ ಮೂರೆಳೆ ವೈರ್, ತ್ರೀ ಪಿನ್ ಪ್ಲಗ್, ಫ್ಯಾನಿಗೆ ಜಾಲರಿ.

ಒಂದು ಫಿಲ್ಟರಿನ ಅಂಚು ಪಕ್ಕದ್ದರ ಮೈಗೆ ತಾಗುವಂತೆ, ಗಿರಗಟ್ಟಲೆಯ ರೆಕ್ಕೆಗಳ ಹಾಗೆ, ನಾಲ್ಕನ್ನೂ ಚೌಕವಾಗಿ ನಿಲ್ಲಿಸಿ. ಹೊರಗೆ 18, ಒಳಗೆ 14 ಇಂಚು ಬರುತ್ತದೆ. ಫ್ರೇಮಿನ ಮೇಲಿನ ಬಾಣದ ಗುರುತು ನಾಲ್ಕರಲ್ಲೂ ಒಳಮುಖವಾಗಿರಲಿ. ಒಂದು ತುದಿಗೆ ಪ್ಲೈವುಡ್ ಮುಚ್ಚಿ. ಇನ್ನೊಂದು ಹಲಗೆಯಲ್ಲಿ ಫ್ಯಾನಿನ ಬಳೆಯ ಅಳತೆಗೆ ತೂತು ಕೊರೆದು, ನಡುವೆ ಫೋಮ್ ಇಟ್ಟು, ಮೋಟಾರ್ ಪೆಟ್ಟಿಗೆಯೊಳಗೆ ಬಂದು ಗಾಳಿ ಹೊರಗೆ ಬೀಸುವಂತೆ ನಟ್ಟು ಬೋಲ್ಟ್ ಬಿಗಿಯಿರಿ. ಸಂದುಗಳಿಗೆಲ್ಲ ಡಕ್ಟ್ ಟೇಪ್. ಸೆಲೊಟೇಪ್ ಮಳೆಗಾಲದ ತೇವಕ್ಕೆ ಬಿಟ್ಟುಕೊಳ್ಳುತ್ತದೆ. ಅರ್ತ್ ವೈರನ್ನು ಫ್ಯಾನಿನ ಲೋಹದ ಮೈಗೆ ಸೇರಿಸಲೇಬೇಕು. ಕೈ ಪಳಗಿಲ್ಲದಿದ್ದರೆ ಎಲೆಕ್ಟ್ರಿಷಿಯನ್ ಮಾಡಲಿ. ಜಾಲರಿ ಹಾಕದೆ ಚಾಲೂ ಮಾಡಬೇಡಿ.

ಅಮೆರಿಕದವರ ಹಾಗೆ ಫ್ಯಾನನ್ನು ಆಕಾಶಕ್ಕೆ ಮುಖ ಮಾಡಿ ಇಡುವುದು ಬೇಡ. ಎಕ್ಸಾಸ್ಟ್ ಫ್ಯಾನ್ ಗೋಡೆಗೆಂದು ಮಾಡಿದ್ದು, ಅದರ ಶಾಫ್ಟ್ ಅಡ್ಡವಾಗಿಯೇ ಇರಬೇಕು. ಲಂಬವಾದರೆ ಶಾಫ್ಟ್ ತಿರುಗುವ ಬುಷ್ (ಲೋಹದ ಬಳೆ) ಬೇಗ ಸವೆಯಬಹುದು. ಪೆಟ್ಟಿಗೆಯನ್ನು ಮಲಗಿಸಿ, ಕಾಲುಗಳನ್ನು ಎರಡೂ ಹಲಗೆಗಳ ಕೆಳ ಮೂಲೆಗಳಿಗೆ ಜೋಡಿಸಿ, ಕೆಳಗಿನ ಫಿಲ್ಟರಿಗೂ ಗಾಳಿ ಸಿಗುತ್ತದೆ. ಗೋಡೆಯಿಂದ ಒಂದಡಿ ದೂರವಿರಲಿ.

ಫ್ಯಾನ್ ಓಡುವಾಗ ಊದುಬತ್ತಿಯನ್ನು ಸಂದುಗಳ ಉದ್ದಕ್ಕೂ ಸರಿಸಿ ನೋಡಿ. ಹೊಗೆ ಎಳೆಯಾಗಿ ಸಂದಿನೊಳಗೆ ನುಗ್ಗಿದರೆ ಅಲ್ಲಿ ಸೋರಿಕೆ ಇದೆ, ಇನ್ನೊಂದು ಪದರ ಟೇಪ್ ಹಾಕಿ. ಪಿಎಂ 2.5 (2.5 ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣ ಕಣ) ಅಳೆಯುವ ಮೀಟರ್ ಇದ್ದರೆ ಕಿಟಕಿ ಮುಚ್ಚಿ ಒಂದು ಗಂಟೆ ಓಡಿಸಿ, ಮೊದಲಿನ ಅಂಕಿಗೆ ಹೋಲಿಸಿ. ಮಂಜು, ಜಡಿಮಳೆಯ ದಿನ ಲೇಸರ್ ಮೀಟರು ಅಂಕಿ ಹೆಚ್ಚಿಸಿ ತೋರಿಸುತ್ತದೆ.

ಫಿಲ್ಟರ್ ತೊಳೆಯಬೇಡಿ. ಇವುಗಳಲ್ಲಿ ಹೆಚ್ಚಿನವು ಸ್ಥಾಯಿ ವಿದ್ಯುತ್ತಿನಿಂದ ಕಣ ಸೆಳೆಯುತ್ತವೆ. ನೀರು ತಾಗಿದರೆ ಆ ಶಕ್ತಿ ಕುಂದುತ್ತದೆ. ಬೂದು ಬಣ್ಣ ಗಾಢವಾಗಿ ಗಾಳಿ ಇಳಿದಾಗ, ಸಾಮಾನ್ಯವಾಗಿ ಆರು ತಿಂಗಳಿಂದ ವರ್ಷದೊಳಗೆ, ಬದಲಿಸಿ. ಒಗ್ಗರಣೆಯ ಎಣ್ಣೆ ಹೊಗೆ ಫಿಲ್ಟರನ್ನು ಬೇಗ ಕಟ್ಟಿಸುವುದರಿಂದ ಅಡುಗೆಮನೆಗೆ ಇದು ಸಲ್ಲದು. ಹೊಸ ಪೇಂಟಿನ ವಾಸನೆ, ಕಾರ್ಬನ್ ಮಾನಾಕ್ಸೈಡ್ ಇದಕ್ಕೆ ದಕ್ಕುವುದಿಲ್ಲ. ಇದ್ದಿಲು ಉರಿಸುವ ಕೋಣೆಯಲ್ಲಿ ಕಿಟಕಿ ತೆರೆದೇ ಇರಬೇಕು.